ಮುಹೂರ್ತದ ದಿನ ಸೊರಗುವ ಗಾಡಿ

ಬಲವೆಂಬುದು ಒಮ್ಮೆಗೇ ಬಿಟ್ಟುಹೋಗುವುದಿಲ್ಲ. ಮೊದಲು ಬಂದುಹೋಗಿ ಮಾಡುತ್ತದೆ, ಬಳಿಕ ಬರುವುದನ್ನೇ ಮರೆಯುತ್ತದೆ. ಈ ಗಂಭೀರ ಸತ್ಯ ನನಗೆ ಹೊಳೆದದ್ದು ಧ್ಯಾನದಲ್ಲಲ್ಲ. ಕೊಡೈಕಾನಲ್ ಘಾಟಿಯ ಒಂದು ತಿರುವಿನಲ್ಲಿ ನನ್ನ ಗಾಡಿ ಎಮ್ಮೆಯ ನಡಿಗೆಗೆ ಇಳಿದು, ಹಿಂದಿದ್ದ ಬಸ್ಸಿನ ಚಾಲಕ ಅರ್ಧ ಮೈಯನ್ನು ಕಿಟಕಿಯಾಚೆ ಹಾಕಿ ನನ್ನ ವಂಶದ ಬಗ್ಗೆ ತಮಿಳಿನಲ್ಲಿ ವಿಚಾರಿಸುತ್ತಿದ್ದಾಗ.

ಗಾಡಿಗೆ ಆಗ ಹದಿನಾಲ್ಕು ವರ್ಷ. ಜೀಪಿನಂತೆ ಎತ್ತರದ ಡೀಸೆಲ್ ಗಾಡಿ. ತಮಿಳುನಾಡಿನ ಹನುಮಂತನಪಟ್ಟಿಯ ನಮ್ಮ ದ್ರಾಕ್ಷಿ ತೋಟಕ್ಕೂ ಅದೇ, ನೆಂಟರ ಮದುವೆಗೂ ಅದೇ. ವೇಗದ ಮುಳ್ಳಿನ ಕೆಳಗೆ ಒಂದು ಸಣ್ಣ ಕಿಟಕಿ ಇದೆ. ಸಾಮಾನ್ಯವಾಗಿ ಅದು ಗಂಟೆ ಎಷ್ಟೆಂದು ತಿಳಿಸುತ್ತದೆ. ಆ ವರ್ಷದಿಂದ ತನ್ನ ಅಭಿಪ್ರಾಯಗಳನ್ನೂ ತಿಳಿಸತೊಡಗಿತು. ಇಂಜಿನ್ನಿನ ಆಕಾರದ ಹಳದಿ ದೀಪವೊಂದು ಹತ್ತಿಕೊಳ್ಳುವುದು, ಕಿಟಕಿಯಲ್ಲಿ ‘ರೆಡ್ಯೂಸ್ಡ್ ಇಂಜಿನ್ ಪವರ್’ ಎಂಬ ಮೂರು ಪದ ಮೂಡುವುದು. ಅಂದರೆ ಇಂಜಿನ್ನಿನ ಶಕ್ತಿಯನ್ನು ಕಡಿಮೆ ಮಾಡಲಾಗಿದೆ. ಯಾರು ಮಾಡಿದರು, ಯಾರನ್ನು ಕೇಳಿ ಮಾಡಿದರು ಎಂಬುದರ ಬಗ್ಗೆ ವಿವರಣೆ ಇಲ್ಲ. ಆಮೇಲೆ ಆಕ್ಸಿಲರೇಟರನ್ನು ನೆಲ ಮುಟ್ಟುವಂತೆ ತುಳಿದರೂ ಗಾಡಿ ಎತ್ತಿನ ಬಂಡಿಯನ್ನು ಹಿಂದೆ ಹಾಕುವುದಿಲ್ಲ. ನಿಲ್ಲಿಸಿ, ಕೀಲಿ ತಿರುಗಿಸಿ, ನೂರು ಎಣಿಸಿ ಮತ್ತೆ ಚಾಲೂ ಮಾಡಿದರೆ ದೀಪ ಮಾಯ. ಏನೂ ನಡೆದೇ ಇಲ್ಲವೆಂಬ ಮುಖ ಮಾಡಿಕೊಂಡು ಗಾಡಿ ಓಡುತ್ತದೆ, ಮುಂದಿನ ಸಲದವರೆಗೆ.

ಆ ದಿನ ಘಾಟಿಯಲ್ಲಿ ಆ ಮುಂದಿನ ಸಲ ಪ್ರತಿ ಎರಡು ತಿರುವಿಗೊಮ್ಮೆ ಬಂತು. ನಾನು ಹೊರಟಿದ್ದದ್ದು ತಂಗಿಯ ಮಗನ ಕಿವಿ ಚುಚ್ಚುವ ಶಾಸ್ತ್ರಕ್ಕೆ. ತಂಗಿಯನ್ನು ಕೊಟ್ಟಿರುವುದು ಕೊಡೈಕಾನಲ್ಲಿನ ಮೇಲಿನ ಇಳಿಜಾರಿನಲ್ಲಿ ಬೆಳ್ಳುಳ್ಳಿ, ಕ್ಯಾರೆಟ್ ಬೆಳೆಯುವ ಮನೆಗೆ. ಮದುವೆಯಾಗಿ ಹನ್ನೊಂದು ವರ್ಷದ ಮೇಲೆ ಹುಟ್ಟಿದ ಮಗು. ನಮ್ಮಲ್ಲಿ ಕಿವಿ ಚುಚ್ಚುವಾಗ ಮಗು ತಾಯಿಯ ಅಣ್ಣನ ಮಡಿಲಲ್ಲೇ ಕೂರಬೇಕು. ಆ ತಾಯ್‌ಮಾಮ ಅಕ್ಕಿ, ಹಣ್ಣು, ಬಟ್ಟೆಯ ಉಡುಗೊರೆಯನ್ನು, ಅಂದರೆ ಸೀರನ್ನು, ತನ್ನ ಮನೆಯಿಂದ ಅಂದೇ ಬೆಳಿಗ್ಗೆ ಹೊರಡಿಸಿ ಅಂದೇ ಮುಟ್ಟಿಸಬೇಕು. ಅವನ ಮಡಿಲಿಲ್ಲದೆ ಸೂಜಿ ಮುಟ್ಟುವಂತಿಲ್ಲ. ಇಡೀ ಸಮಾರಂಭದಲ್ಲಿ ಅವನಿಗೆ ಇರುವ ಕೆಲಸ ಎರಡೇ: ಬರುವುದು, ಕೂರುವುದು. ನನಗೆ ಮೊದಲನೆಯದು ಆಗಲಿಲ್ಲ.

ಹತ್ತೂವರೆಗೆ ಮುಗಿಯುವ ಮುಹೂರ್ತಕ್ಕೆ ನಾವು ಹನ್ನೆರಡಕ್ಕೆ ಮುಟ್ಟಿದೆವು. ಕಿವಿ ಚುಚ್ಚಲು ಬಂದಿದ್ದ ಅಕ್ಕಸಾಲಿಗ ಸೂಜಿ ಎತ್ತಿಟ್ಟುಕೊಂಡು ಇನ್ನೊಂದು ಮನೆಗೆ ಹೋಗಿದ್ದ. ಬಾಳೆಹಣ್ಣಿನ ತಟ್ಟೆ ಹಿಡಿದು ಇಳಿದ ನನ್ನ ಹೆಂಡತಿಯನ್ನು ನೋಡಿ ತಂಗಿಯ ಅತ್ತೆ ಒಳಗೆ ಕರೆದರು. ನನ್ನನ್ನು ನೋಡಿ ಊರಿಗೆಲ್ಲ ಕೇಳುವಂತೆ ಹೇಳಿದರು:

"ಬಂದ್ರಪ್ಪ ಮಾಮ. ಇನ್ನೊಸಿ ನಿಧಾನಕ್ಕೆ ಬಂದಿದ್ರೆ ಮಗೀಗೆ ಮೀಸೆ ಬಂದಿರೋದು, ಕಿವಿ ಚುಚ್ಚಿ ಹಂಗೇ ಹೆಣ್ಣೂ ನೋಡ್ಬೋದಾಗಿತ್ತು."

ಮಾರನೆಯ ದಿನ ತಂಗಿ ಫೋನ್ ಮಾಡಿದಳು.

"ಅಣ್ಣ, ನಾ ಅಳ್ತಾ ಇಲ್ಲ," ಎಂದಳು ಅಳುತ್ತ. "ಇನ್ನು ಇಪ್ಪತ್ತೊಂದು ದಿನಕ್ಕೆ ಒಂದು ನಲ್ಲ ನೇರ, ಒಳ್ಳೆ ಮುಹೂರ್ತ, ಐತಂತೆ. ಆವತ್ತೂ ನೀ ಹೊತ್ತಿಗೆ ಬರದಿದ್ರೆ ಅತ್ತೆ ಕಡೇರು ಯಾರೋ ಒಬ್ರು ನನಗೆ ವರಸೇಲಿ ಅಣ್ಣ ಆಗ್ತಾರಂತೆ, ಮಗೂನ ಅವರ ಮಡಿಲಾಗೆ ಕೂರಿಸ್ತಾರಂತೆ. ಕೂಡ್ ಹುಟ್ಟಿದ ಅಣ್ಣ ಇದ್ದೂ ನನ್ ಮಗೀಗೆ ಯಾರ್ದೋ ಮಡಿಲು."

"ಬತ್ತೀನಿ ಕಣಮ್ಮ. ವಂಡಿ ಸರಿ ಮಾಡ್ಕೊಂಡೇ ಬತ್ತೀನಿ."

"ವಂಡಿ ಬ್ಯಾಡ ಅಣ್ಣ. ಬಸ್ಸಲ್ಲಿ ಬಾ. ನಡ್ಕೊಂಡಾದ್ರೂ ಬಾ. ಬಾ."

ಬಸ್ಸಿನಲ್ಲಿ ಸೀರು ತರುವ ತಾಯ್‌ಮಾಮನ ಬಗ್ಗೆ ಅವಳ ಅತ್ತೆ ಏನು ಹೇಳುತ್ತಾರೆಂದು ನನಗೆ ಗೊತ್ತಿತ್ತು. ಬಾಡಿಗೆ ಕಾರು ತೆಗೆದುಕೊಳ್ಳೋಣ ಎಂದ ಹೆಂಡತಿಗೆ ನಾನು, ಸ್ವಂತ ಗಾಡಿಯ ಕಾಯಿಲೆಯನ್ನು ಕಂಡುಹಿಡಿಯಲಾಗದವನು ಸ್ವಂತ ಸಂಸಾರವನ್ನು ಹೇಗೆ ನಡೆಸಿಯಾನು ಎಂದೆ. ಅವಳು, ಅದನ್ನೇ ನಾನೂ ಕೇಳ್ತಾ ಇದೀನಿ ಎಂದಳು.

ಪತ್ತೆಯ ಕೆಲಸ ಉತ್ತಮಪಾಳಯಂನಲ್ಲಿ ಶುರುವಾಯಿತು. ಅಲ್ಲಿನ ಮೆಕ್ಯಾನಿಕ್ ನನಗೆ ಇಪ್ಪತ್ತು ವರ್ಷದ ಪರಿಚಯ. ಅವನ ಪ್ರಕಾರ ಪ್ರಪಂಚದ ಸಕಲ ವ್ಯಾಧಿಗಳಿಗೂ ಮೂಲ ಡೀಸೆಲ್ ಫಿಲ್ಟರ್. ಫಿಲ್ಟರ್ ಬದಲಾಯಿತು. ಒಂದು ವಾರ ಗಾಡಿ ಕುದುರೆಯಂತೆ ಓಡಿತು. ವಾರದ ಕೊನೆಗೆ ದಿಂಡಿಗಲ್ಲಿನಲ್ಲಿ ಒಂದು ನಿಶ್ಚಿತಾರ್ಥವಿತ್ತು. ಬತ್ಲಗುಂಡು ದಾಟುವಾಗ ದೀಪ ಹತ್ತಿತು. ತೆಂಗಿನಕಾಯಿ ತುಂಬಿದ ಟ್ರಾಕ್ಟರ್ ಒಂದು ನಮ್ಮನ್ನು ಹಿಂದೆ ಹಾಕಿ ಹೋಯಿತು. ಕಾಯಿಗಳ ಮೇಲೆ ಕೂತಿದ್ದವರು ಕೈ ಬೀಸಿದರು.

ಎರಡನೆಯವನು ತೇನಿಯವನು, ಕಂಪ್ಯೂಟರ್ ಇಟ್ಟುಕೊಂಡವನು. ಸ್ಟೀರಿಂಗಿನ ಕೆಳಗೆ ಒಂದು ವೈರು ಚುಚ್ಚಿ, ಅಂಗೈಯಗಲದ ಪರದೆಯನ್ನು ನನ್ನ ಮುಂದೆ ಹಿಡಿದು, ಸಂಖ್ಯೆಯೊಂದನ್ನು ತೋರಿಸಿ ಕನಿಕರದಿಂದ ವಿವರಿಸಿದ. ಈಗಿನ ಆಕ್ಸಿಲರೇಟರಿಗೆ ಹಳೆಯ ಗಾಡಿಗಳಂತೆ ಇಂಜಿನ್‌ವರೆಗೆ ಎಳೆಯುವ ತಂತಿ ಇಲ್ಲ. ಕಾಲು ಎಷ್ಟು ತುಳಿಯಿತೆಂದು ಎರಡು ಬೇರೆ ಬೇರೆ ವೈರುಗಳು ಗಾಡಿಯ ಕಂಪ್ಯೂಟರಿಗೆ ವರದಿ ಕೊಡುತ್ತವೆ. ಎರಡು ಸಾಕ್ಷಿಗಳ ಹೇಳಿಕೆ ತಾಳೆಯಾಗದಿದ್ದರೆ ಕಂಪ್ಯೂಟರ್ ಇಬ್ಬರನ್ನೂ ನಂಬದೆ ಇಂಜಿನ್ನಿನ ಬಲ ಇಳಿಸಿಬಿಡುತ್ತದೆ. ವ್ಯವಸ್ಥೆ ನ್ಯಾಯವಾಗಿದೆ ಎಂದು ನನಗೆ ಅನಿಸಿತು. ಎಷ್ಟೋ ಪಂಚಾಯಿತಿಗಳಲ್ಲಿ ಇಷ್ಟೂ ಇಲ್ಲ. ಆದರೆ ಈಗ ಏಕೆ ಎರಡೂ ಒಂದೇ ಮಾತು ಹೇಳುತ್ತಿವೆ?

"ಅಣ್ಣೇ, ಇಪ್ಪೊ ವಂಡಿಲ ಒಣ್ಣುಮೇ ಇಲ್ಲೆ," ಎಂದ ಅವನು. ಈಗ ಗಾಡಿಯಲ್ಲಿ ಏನೂ ಇಲ್ಲ. ದೀಪ ಹತ್ತಿದಾಗಲೇ ತನ್ನಿ.

ದೀಪ ಹತ್ತಿದಾಗ ನಾನು ಅವನ ಅಂಗಡಿಯಿಂದ ನಲವತ್ತು ಮೈಲಿ ದೂರದಲ್ಲಿರುತ್ತೇನೆ ಎಂಬುದನ್ನು ಅವನು ಗಣನೆಗೆ ತೆಗೆದುಕೊಳ್ಳಲಿಲ್ಲ. ಅನುಮಾನಕ್ಕೆ ಆಕ್ಸಿಲರೇಟರ್ ಪೆಡಲನ್ನೇ ಬದಲಾಯಿಸೋಣ ಎಂದ. ದಿಂಡಿಗಲ್ಲಿನ ಹಳೆಯ ಬಿಡಿಭಾಗಗಳ ಅಂಗಡಿಯಿಂದ ಪೆಡಲು ತಂದುಕೊಟ್ಟೆ. ಹಾಕಿದ. ಮುಂದಿನ ಸೋಮವಾರ ಜಮೀನಿನ ಪತ್ರದ ಕೆಲಸಕ್ಕೆಂದು ತೇನಿಗೆ ಹೊರಟೆ. ಚಿನ್ನಮನೂರಿನಲ್ಲಿ ದೀಪ ಹತ್ತಿತು. ಸಿಕ್ಕಿತು ಎಂದುಕೊಂಡು, ಎಮ್ಮೆಯ ವೇಗದಲ್ಲಿ, ದೀಪ ಆರದಂತೆ ಕಾಪಾಡಿಕೊಂಡು ಅವನ ಅಂಗಡಿಗೇ ಒಯ್ದೆ. ಅಂಗಡಿ ಮುಚ್ಚಿತ್ತು. ಅವನು ಮದುವೆಗೆ ಹೋಗಿದ್ದ. ಅವನ ಗಾಡಿ ಚೆನ್ನಾಗಿತ್ತು ಎಂದು ಕಾಣುತ್ತದೆ.

ಇನ್ನು ಎಂಟು ದಿನ ಉಳಿದಿತ್ತು. ನಾನು ಒಂದು ನೋಟ್‌ಬುಕ್ ತೆಗೆದುಕೊಂಡು, ದೀಪ ಹತ್ತಿದ ದಿನಗಳನ್ನೆಲ್ಲ ನೆನಪಿಸಿಕೊಂಡು ಬರೆದೆ. ಕಿವಿ ಚುಚ್ಚುವುದು, ನಿಶ್ಚಿತಾರ್ಥ, ಜಮೀನಿನ ಪತ್ರ, ಅದಕ್ಕೂ ಮೊದಲು ಎರಡು ಮದುವೆ, ಒಂದು ಆಸ್ಪತ್ರೆ. ಹಿಂಡಿ ತರಲು ಹೋದಾಗ, ಗೊಬ್ಬರ ತರಲು ಹೋದಾಗ, ಸುಮ್ಮನೆ ಟೀ ಕುಡಿಯಲು ಹೋದಾಗ ಒಮ್ಮೆಯೂ ಇಲ್ಲ. ಯಾವ ಪಕ್ಷಪಾತವೂ ಇಲ್ಲದೆ ನೋಡಿದರೂ ತೀರ್ಮಾನ ಒಂದೇ: ಗಾಡಿಗೆ ಇಸ್ತ್ರಿ ಮಾಡಿದ ವೇಷ್ಟಿಯ ಗುರುತು ಸಿಗುತ್ತದೆ. ಇದನ್ನು ಪರೀಕ್ಷಿಸುವುದು ನನ್ನ ಕರ್ತವ್ಯವಾಗಿತ್ತು. ಒಂದು ಬೆಳಿಗ್ಗೆ ರೇಷ್ಮೆ ಅಂಚಿನ ವೇಷ್ಟಿ ಉಟ್ಟು, ವಿಭೂತಿ ಹಚ್ಚಿ, ಹಿಂದಿನ ಸೀಟಿನಲ್ಲಿ ತಟ್ಟೆ ತುಂಬ ಬಾಳೆಹಣ್ಣು ಇಟ್ಟುಕೊಂಡು ಕಂಬಂ ಪಟ್ಟಣದವರೆಗೆ ಹೋಗಿ ಬಂದೆ. ಏನೂ ಆಗಲಿಲ್ಲ.

"ಯಾರ ಮನೆ ಶಾಸ್ತ್ರ?" ಎಂದು ಕೇಳಿದಳು ಹೆಂಡತಿ, ನಾನು ಇಳಿಯುವುದನ್ನು ನೋಡಿ.

"ಯಾರ್ದೂ ಇಲ್ಲ. ವಂಡೀನ ಏಮಾರಿಸಕ್ಕೆ ಹೋಗಿದ್ದೆ."

"ಏಮಾರ್ತಾ?"

"ಇಲ್ಲ."

"ಅದಕ್ಕಾದ್ರೂ ಬುದ್ಧಿ ಐತಲ್ಲ," ಎಂದು ಅವಳು ಬಾಳೆಹಣ್ಣು ತೆಗೆದುಕೊಂಡು ಒಳಗೆ ಹೋದಳು.

ನಾಲ್ಕು ದಿನ ಉಳಿದಾಗ ಕಂಪ್ಯೂಟರಿನವನೇ ಸೋತು, ವೈರಿನ ಕೆಲಸ ಮಾಡುವ ಒಬ್ಬ ಮುದುಕನ ಬಳಿ ಕಳಿಸಿದ. ತೇನಿ ಬಸ್ ನಿಲ್ದಾಣದ ಹಿಂದೆ ತಗಡಿನ ಮಾಡು. ಸಲಕರಣೆಯೆಂದರೆ ಎರಡು ತಂತಿ ಕಟ್ಟಿದ ಒಂದು ಸಣ್ಣ ಬಲ್ಬು. ನಾನು ತಮಿಳಿನಲ್ಲಿ ರೋಗದ ಚರಿತ್ರೆಯನ್ನು ಆದಿಯಿಂದ ಹೇಳತೊಡಗಿದೆ. ಅವರು ಕೇಳಿಸಿಕೊಳ್ಳದೆ, ಪೆಡಲಿನಿಂದ ಹೊರಟ ವೈರನ್ನು ಬೆರಳಲ್ಲಿ ಹಿಡಿದು ಹಿಂದಕ್ಕೆ ಹೊರಟರು. ಪೆಡಲನ್ನು ಎಲ್ಲರೂ ನೋಡಿದ್ದರು, ಇಂಜಿನನ್ನು ಎಲ್ಲರೂ ನೋಡಿದ್ದರು; ನಡುವಿನ ದಾರಿಯನ್ನು ಯಾರೂ ನಡೆದಿರಲಿಲ್ಲ. ನನ್ನ ಗಾಡಿಯಲ್ಲಿ ಕಂಪ್ಯೂಟರ್ ಇರುವುದು ಚಾಲಕನ ಸೀಟಿನ ಕೆಳಗೆ. ವೈರು ಬಾಗಿಲಿನ ಅಂಚಿನುದ್ದಕ್ಕೂ ನೆಲಹಾಸಿನಡಿ ಹೋಗುತ್ತದೆ. ಮುದುಕರು ಅಂಚಿನ ಪಟ್ಟಿ ಬಿಚ್ಚಿ, ರಬ್ಬರ್ ಹಾಸು ಎತ್ತಿ, ಕೆಳಗಿನ ದಪ್ಪ ಹಾಸಿನಡಿ ಕೈ ತೂರಿಸಿದರು. ಕೈ ಹೊರಬಂದಾಗ ಬೆರಳುಗಳು ನೀಲಿಯಾಗಿದ್ದವು.

ಅವರು ಬೆರಳನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಆಮೇಲೆ, ಅಲ್ಲಿಯವರೆಗೆ ತಮಿಳು ಬಿಟ್ಟು ಬೇರೆ ಮಾತು ಬಾರದವರಂತಿದ್ದವರು, ಅಚ್ಚ ನಮ್ಮ ಮನೆಮಾತಿನ ಕನ್ನಡದಲ್ಲಿ ಕೇಳಿದರು:

"ದ್ರಾಕ್ಷೆ ತೋಟ ಏನಪ್ಪ?"

"ಹೂಂ."

"ಮೈಲುತುತ್ತ ಎಲ್ಲಿ ಇಟ್ಕೊಂಡ್ ಹೋಗ್ತೀಯ?"

ನಾನು ಚಾಲಕನ ಸೀಟಿನ ಹಿಂಭಾಗವನ್ನು ತೋರಿಸಿದೆ. ಅವರು ಬಲ್ಬನ್ನು ಕೆಳಗಿಟ್ಟು ಸ್ಟೂಲಿನ ಮೇಲೆ ಕೂತರು.

"ನಾವೆಲ್ಲ ದ್ರಾಕ್ಷೆಗೆ ಹೊಡಿತೀವಪ್ಪ. ನೀ ವಂಡಿಗೂ ಹೊಡ್ದಿದೀಯ. ಇನ್ನು ನಿನ್ ವಂಡಿಗೆ ಬೂಜು ರೋಗ ಬರಾಕಿಲ್ಲ, ಬುಡು."

ದ್ರಾಕ್ಷಿ ಬೆಳೆಯದವರಿಗೆ ವಿವರಿಸಬೇಕು. ತುಂತುರು ಹಿಡಿದಾಗ ಬಳ್ಳಿಗೆ ಬೂಜು ಬಾರದಿರಲಿ ಎಂದು ಮೈಲುತುತ್ತಕ್ಕೆ, ಅಂದರೆ ತಾಮ್ರದ ಸಲ್ಫೇಟಿಗೆ, ಸುಣ್ಣದ ತಿಳಿ ಬೆರೆಸಿ ಹೊಡೆಯುತ್ತೇವೆ. ನೀಲಿ ಹರಳು ಬೇಗ ಕರಗುವುದಿಲ್ಲವಾದ್ದರಿಂದ ಹಿಂದಿನ ರಾತ್ರಿಯೇ ಮನೆಯಲ್ಲಿ ನೆನೆಸಿ, ಪ್ಲಾಸ್ಟಿಕ್ ಕ್ಯಾನಿನಲ್ಲಿ ತೋಟಕ್ಕೆ ಒಯ್ದು, ಸುಣ್ಣವನ್ನು ಅಲ್ಲಿ ಸೇರಿಸುತ್ತೇವೆ. ಸುಣ್ಣ ಸಾಕಾಯಿತೇ ಎಂದು ನೋಡಲು ಕುಡುಗೋಲಿನ ಅಲಗನ್ನು ಅದ್ದಿ ತೆಗೆಯುವುದು. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಇನ್ನೂ ಸುಣ್ಣ ಬೇಕು. ಸುಣ್ಣ ಸೇರದ ತುತ್ತ ಕಬ್ಬಿಣವನ್ನು ತಿನ್ನುತ್ತದೆ, ಲೋಹದ ಪಾತ್ರೆಯ ಹತ್ತಿರವೂ ಒಯ್ಯಬೇಡಿ ಎಂದು ನಾನೇ ಊರಿನ ಹತ್ತು ಜನಕ್ಕೆ ಉಪದೇಶ ಮಾಡಿದ್ದೇನೆ. ಆ ಉಪದೇಶಕನೇ ಕ್ಯಾನನ್ನು ಹಿಂದೆ ಇಟ್ಟರೆ ಉರುಳುತ್ತದೆಂದು ಜಾಣತನದಿಂದ ತನ್ನ ಸೀಟಿನ ಬೆನ್ನಿಗೆ ಒತ್ತರಿಸಿ ನಿಲ್ಲಿಸಿ, ತೋಟದ ದಾರಿಯ ಹಳ್ಳಕೊಳ್ಳಗಳಲ್ಲಿ ಕುಲುಕಿಸುತ್ತ ಒಯ್ಯುತ್ತಿದ್ದ. ಮುಚ್ಚಳದಿಂದ ತೊಟ್ಟಿಕ್ಕಿದ್ದೆಲ್ಲ ಹಾಸಿನಡಿ ಇಳಿದು ವೈರಿನ ಜೋಡಣೆಯಲ್ಲಿ ಸೇರಿತ್ತು. ಒದ್ದೆಯಿದ್ದಾಗ ಎರಡು ಸಾಕ್ಷಿಗಳ ಮಾತು ಒಂದರೊಳಗೊಂದು ಬೆರೆಯುವುದು. ಒಣಗಿದಾಗ ಎರಡೂ ಸತ್ಯವಂತರು.

ಮುಖ್ಯ ಪ್ರಯಾಣಗಳ ಗುಟ್ಟೂ ಆಗ ಬಿಚ್ಚಿಕೊಂಡಿತು. ನಾಳೆ ಇಡೀ ದಿನ ಊರಲ್ಲಿ ಇರುವುದಿಲ್ಲವೆಂದಾದರೆ ದ್ರಾಕ್ಷಿಯವನು ಇಂದೇ ಔಷಧಿ ಹೊಡೆದು ಹೋಗುತ್ತಾನೆ. ಮದುವೆಯ ಮುನ್ನಾದಿನ ಹೊಡೆದಿದ್ದೆ. ಆಸ್ಪತ್ರೆಯ ಮುನ್ನಾದಿನ ಹೊಡೆದಿದ್ದೆ. ಕಿವಿ ಚುಚ್ಚುವ ಮುನ್ನಾದಿನವಂತೂ ಮೋಡ ನೋಡಿ ಎರಡು ಕ್ಯಾನು ಒಯ್ದಿದ್ದೆ. ಹಿಂಡಿ ತರುವುದಕ್ಕೆ ಮುಂಚೆ ಯಾರೂ ತೋಟಕ್ಕೆ ಔಷಧಿ ಹೊಡೆದು ಹೊರಡುವುದಿಲ್ಲ. ರಿಪೇರಿಗೆ ಒಯ್ಯುವಾಗಲೂ ಅಷ್ಟೇ. ಬಿಡುವಿದ್ದ ದಿನ, ಒಣ ಗಾಡಿ.

ಮುದುಕರು ಹಸಿರುಗಟ್ಟಿ ಪುಡಿಯಾಗಿದ್ದ ಜೋಡಣೆಯನ್ನು ಕತ್ತರಿಸಿ ನನ್ನ ಅಂಗೈಗೆ ಹಾಕಿದರು. ಹೊಸ ವೈರು ಬೆಸೆದು, ಹಾಸಿನ ಮೇಲಿನಿಂದ ಎತ್ತಿ ಕಟ್ಟಿದರು. ನಾನು ಕೊಡೈಕಾನಲ್ಲಿನ ವಿಷಯ ಹೇಳಿದಾಗ ಒಂದು ಕ್ಷಣ ಕೆಲಸ ನಿಲ್ಲಿಸಿದರು.

"ತಾಯ್‌ಮಾಮನಾ ನೀನು? ಹಂಗಂತ ಮೊದಲೇ ಹೇಳದಲ್ವಾ? ಇನ್ನೊಂದ್ ಸುತ್ತು ಟೇಪು ಹಾಕ್ತೀನಿ, ಇರು."

ಮನೆಗೆ ಬಂದು ಹೆಂಡತಿಗೆ ನಡೆದದ್ದನ್ನು ಹೇಳಿದೆ. ಆಕೆ ನಗಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು.

"ಆ ಕ್ಯಾನಿನ ಮುಚ್ಚಳಕ್ಕೆ ವಾಷರ್ ಹಾಕಿ ಅಂತ ಪೊಂಗಲಿಂದ ಬಡ್ಕೊತಾ ಇದೀನಿ," ಎಂದಳು. "ಫಿಲ್ಟರ್ ಬದಲಾಯ್ಸಿದ್ರಿ. ಪೆಡಲ್ ಬದಲಾಯ್ಸಿದ್ರಿ. ವಾಷರ್ ಒಂದು ಬಿಟ್ಟು ಎಲ್ಲಾನೂ ಬದಲಾಯ್ಸಿದ್ರಿ."

ಮುಹೂರ್ತದ ಹಿಂದಿನ ದಿನ ಬೆಳಿಗ್ಗೆಯಿಂದ ತುಂತುರು. ಅಕ್ಕಪಕ್ಕದ ತೋಟಗಳಲ್ಲೆಲ್ಲ ಔಷಧಿಯ ಯಂತ್ರಗಳ ಸದ್ದು. ನಾನು ಜಗಲಿಯ ಮೇಲೆ ಕೂತು ಆ ಸದ್ದನ್ನು ಕೇಳಿದೆ. ನಲವತ್ತು ವರ್ಷದ ಅಭ್ಯಾಸ ಮೂರು ಸಲ ನನ್ನನ್ನು ಎಬ್ಬಿಸಿತು. ಕ್ಯಾನನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೋಗಲೇ ಎಂದು ಕೇಳಿದಾಗ ಹೆಂಡತಿ, ಹೋಗಿ, ಕೊಡೈಕಾನಲ್ಲಿಗೂ ಹಂಗೇ ಸೈಕಲ್ ತುಳ್ಕೊಂಡು ಹೋಗಿ ಎಂದಳು. ಕೂತೆ.

ಮಾರನೆಯ ದಿನ ಐದು ಗಂಟೆಗೆ ಹೊರಟೆವು. ಪೆರಿಯಕುಳಂ ದಾಟಿತು, ದೇವದಾನಪಟ್ಟಿ ದಾಟಿತು, ಘಾಟಿ ಶುರುವಾಯಿತು. ಪ್ರತಿ ತಿರುವಿನಲ್ಲೂ ನಾನು ರಸ್ತೆಗಿಂತ ಹೆಚ್ಚಾಗಿ ಸಣ್ಣ ಕಿಟಕಿಯನ್ನು ನೋಡುತ್ತಿದ್ದೆ. ನಾನು ನೋಡದ ರಸ್ತೆಯನ್ನು ಹೆಂಡತಿ ನೋಡಿ ಗಟ್ಟಿಯಾಗಿ ಓದಿ ಹೇಳುತ್ತಿದ್ದಳು. ಕಿಟಕಿ ಗಂಟೆ ಎಷ್ಟೆಂದು ಮಾತ್ರ ತಿಳಿಸುತ್ತ ಹೋಯಿತು. ಎಂಟೂ ಕಾಲಿಗೆ ತಂಗಿಯ ಮನೆಯಂಗಳದಲ್ಲಿ ಗಾಡಿ ನಿಲ್ಲಿಸಿದಾಗ, ಅವಳು ಮಗುವನ್ನು ಎತ್ತಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಕೇಳಲಿಲ್ಲ. ಅವಳ ಅತ್ತೆ ಗೋಡೆಯ ಗಡಿಯಾರವನ್ನು ನೋಡಿ, ಅದು ಸರಿ ಇದೆಯೇ ಎಂದು ಮಗನನ್ನು ಕೇಳಿದರು.

ನಮ್ಮ ತೋಟದ ಕೆಳಗಿನ ಆರು ಸಾಲಿಗೆ ಆ ವಾರ ಬೂಜು ಬಂತು. ತಂಗಿಯ ಮಗನನ್ನು ನನ್ನ ಮಡಿಲಲ್ಲಿ ಕೂರಿಸಿ, ಹತ್ತು ಗಂಟೆ ಹತ್ತು ನಿಮಿಷಕ್ಕೆ ಎರಡೂ ಕಿವಿ ಚುಚ್ಚಲಾಯಿತು.