ಅಯ್ಯನಿಗೆ ತಾಜಾ ನೀರು

ದಾಳಿಂಬ ಎಂಬ ಊರಿನ ಹತ್ತಿರದ ನಮ್ಮ ಹಳ್ಳಿಯ ಕೈಪಂಪಿನ ನೀರಿನಲ್ಲಿ ಫ್ಲೋರೈಡ್ ಇದೆ. ಮಕ್ಕಳ ಹಲ್ಲು ಕಂದುಬಣ್ಣಕ್ಕೆ ತಿರುಗುತ್ತಿತ್ತು, ದೊಡ್ಡವರ ಮೊಣಕಾಲು ಹಿಡಿಯುತ್ತಿತ್ತು. ಅದನ್ನು ತೆಗೆಯುವ ಫಿಲ್ಟರನ್ನು ಮಠದ ಅಂಗಳದಲ್ಲಿ ಕೂರಿಸಿದಾಗ, ಮನೆಮನೆಗೆ ಪೂಜೆಗೆ ಹೋಗುವ ಅಯ್ಯ ನಾನೆಂದು ಅದರ ಉಸ್ತುವಾರಿಯೂ ನನ್ನ ಕೊರಳಿಗೇ ಬಿತ್ತು. ವಾರಕ್ಕೊಮ್ಮೆ ಅದರೊಳಗಿನ, ಫ್ಲೋರೈಡ್ ಹೀರುವ ಬಿಳಿ ಹರಳು ತೊಳೆಯುತ್ತಿದ್ದೆ. ಪಂಪಿನ ನೀರು ಕುಡಿಯಬೇಡಿ ಎಂದು ಹೇಳಿ ಹೇಳಿ ಗಂಟಲು ಒಣಗಿತು. ವರ್ಷಗಳೇ ಹಿಡಿದವು, ಕೊನೆಗೆ ಜನ ಕೇಳಿದರು.

ಕರೆಂಟು ಸಂಜೆ ಬರುವುದರಿಂದ ಜನ ಫಿಲ್ಟರ್ ನೀರು ತುಂಬಿಕೊಳ್ಳುವುದೂ ಸಂಜೆಯೇ. ಚಳಿಗಾಲದ ಒಂದು ಬೆಳಿಗ್ಗೆ ಒಬ್ಬರ ಮನೆಯಲ್ಲಿ ಪೂಜೆ ಮುಗಿಸಿ ಕೂತಾಗ ಆ ಮನೆಯ ಮುದುಕಿ ತಂಬಿಗೆ ತಂದಿಟ್ಟಳು. ನೀರು ಉಗುರುಬೆಚ್ಚಗಿತ್ತು. ರಾತ್ರಿಯೆಲ್ಲ ಕೊಡದಲ್ಲಿದ್ದ ಫಿಲ್ಟರ್ ನೀರಾದರೆ ತಣ್ಣಗಿರಬೇಕಿತ್ತು; ಇದು ನೆಲದಿಂದ ಆಗತಾನೇ ಬಂದದ್ದು.

"ಫಿಲ್ಟರ್ ನೀರಿಲ್ಲೇನವಾ?" ಎಂದೆ.

"ಅದಾವ್ರೀ ಅಪ್ಪಾರ. ಅವು ನಿನ್ನೀವು, ನಾವು ಕುಡೀತೀವಿ. ಅಯ್ಯನೋರಿಗಿ ತಂಗಳ ನೀರು ಹ್ಯಾಂಗ ಕೊಡಬೇಕ್ರೀ? ಈಗೇ ಪಂಪ್ ಹೊಡ್ದು ತಂದೀನಿ."

ಎಲ್ಲ ಮನೆಗಳಲ್ಲೂ ಇದೇ ಭಕ್ತಿ. ಒಮ್ಮೆ ಇನ್ನೊಂದು ಮನೆಯಲ್ಲಿ ಬೇಡವೆಂದು ತಂಬಿಗೆ ಸರಿಸಿದ್ದಕ್ಕೆ, ತಮ್ಮಿಂದ ಏನು ತಪ್ಪಾಯಿತೋ ಎಂದು ಗಂಡ ಹೆಂಡತಿ ಇಬ್ಬರೂ ಕಾಲಿಗೆ ಬಿದ್ದರು. ಆಮೇಲೆ ವಾದ ಮಾಡುವ ತ್ರಾಣ ನನಗೆ ಉಳಿಯಲಿಲ್ಲ. ಕೊಟ್ಟದ್ದನ್ನು ಕುಡಿದು, ಮೊಣಕಾಲು ಹಿಡಿದುಕೊಂಡು ಏಳುತ್ತೇನೆ.

ಊರಿನ ಮಕ್ಕಳಿಗೆ ಈಗ ಬಿಳಿ ಹಲ್ಲು ಬರುತ್ತಿವೆ. ಪಂಪಿನ ನೀರು ಕುಡಿಯುವವನು ಊರಲ್ಲಿ ನಾನೊಬ್ಬನೇ.