ಬೆನ್ನಿಗೊಂದು ಕವಚ

ಆಸ್ಪತ್ರೆಯ ಹಿಂಭಾಗದ ಶೆಡ್ಡಿನಲ್ಲಿ ಅವನು ಬ್ರೇಸ್ ಮಾಡುತ್ತಿದ್ದ. ಬೆನ್ನುಮೂಳೆ ಓರೆಯಾದ ಮಕ್ಕಳಿಗೆ ಕಂಕುಳಿನಿಂದ ಸೊಂಟದವರೆಗೆ ಬಿಗಿಯುವ ಪ್ಲಾಸ್ಟಿಕ್ಕಿನ ಕವಚ ಅದು. ಮೈಯ ಅಚ್ಚು ತೆಗೆದು, ಬಿಸಿಯಲ್ಲಿ ಮೆತ್ತಗಾದ ಹಾಳೆಯನ್ನು ಅದರ ಮೇಲೆ ಹೊದಿಸಿ, ಆರಿದ ಮೇಲೆ ಕತ್ತರಿಸಿ, ಅಂಚನ್ನು ಅರದಿಂದ ಉಜ್ಜುತ್ತಿದ್ದ. ಚುಚ್ಚಬಾರದು, ಸಡಿಲವಾಗಬಾರದು, ಅಷ್ಟೇ ಅವನ ಲೆಕ್ಕ. ಚಂದದ ಗೊಡವೆಗೆ ಹೋದ ಆಸಾಮಿಯೇ ಅಲ್ಲ. ಚಪ್ಪಲಿಗೂ ಟೈರಿನ ಅಟ್ಟೆ ಹೊಡೆಸಿಕೊಂಡಿದ್ದ.

ಸಂಜೆ ಮನೆಗೆ ಬಂದರೆ ಮಗಳು ಟಿವಿ ಹಚ್ಚಿ ಕಾಯುತ್ತಿರುತ್ತಿದ್ದಳು. ಅದರಲ್ಲಿ ಅಪ್ಪ ಮಗಳು ಜೋಡಿಯಾಗಿ ಕೋಟೆಗಳಿಗೆ ನುಗ್ಗುವ ವಿಡಿಯೋ ಆಟವೊಂದಿತ್ತು. ಒಳಗೆ ಹೋಗುವ ಮುಂಚೆ ಇಬ್ಬರೂ ಕವಚ ಆರಿಸಿಕೊಳ್ಳಬೇಕು. ಅಲ್ಲಿಂದಲೇ ಜಗಳ ಶುರು. ಅವನು ಪಾಯಿಂಟ್ ಜಾಸ್ತಿ ಇರುವ, ಹಂಡೆಯಂಥ ಕಬ್ಬಿಣದ ಕವಚ ತೊಡುತ್ತಿದ್ದ. ಅವಳದು ಹಸಿರು ಮೇಲಂಗಿ, ಹೆಗಲ ಮೇಲೆ ಗರಿ, ತೋಳು ಬರಿದು.

"ಅಪ್ಪ, ನೀರಿನ ಟ್ಯಾಂಕಿಗೆ ಕೈಕಾಲು ಬಂದ ಹಾಗಿದೀಯ."

"ಟ್ಯಾಂಕಿಗೆ ಬಾಣ ನಾಟಲ್ಲ ಮರಿ. ನೀನು ಆ ಗರಿ ಹಾಕ್ಕೊಂಡು ಎಷ್ಟು ಸಲ ಸಾಯ್ತೀಯ?"

"ಸತ್ರೆ ಎಬ್ಸೋಕೆ ನೀನಿದೀಯಲ್ಲ! ಆಟದಲ್ಲಿ ಇಡೀ ಹೊತ್ತು ನಮಗೆ ಕಾಣೋದು ನಮ್ಮ ಬೊಂಬೆಗಳ ಬೆನ್ನೇ ಅಪ್ಪ. ಅದಾದ್ರೂ ಚೆನ್ನಾಗಿರಬೇಡ್ವಾ?"

ಅವಳ ಬೆನ್ನನ್ನು ಮೊದಲು ಗಮನಿಸಿದವಳು ತಾಯಿ. ಶಾಲೆಯ ಹೊಸ ಸಮವಸ್ತ್ರ ಹಾಕಿಸಿ ನೋಡುವಾಗ, "ರೀ, ಬನ್ನಿ ಇಲ್ಲಿ. ಅಂಗಿ ಒಂದು ಕಡೆ ಎತ್ತಿಕೊಳ್ತಿದೆ" ಎಂದು ಕೂಗಿದಳು. ಅವನು ಬಂದು ಮಗಳನ್ನು ಬಗ್ಗಲು ಹೇಳಿ, ಕೈಯಿಟ್ಟು ನೋಡಿದ. ಪಕ್ಕೆಲುಬು ಒಂದು ಬದಿಗೆ ದಿಬ್ಬದಂತೆ ಎದ್ದಿತ್ತು. ಊರ ಮಕ್ಕಳ ಬೆನ್ನೆಲ್ಲ ಕಂಡವನು, ದಿನಾ ಪಕ್ಕದಲ್ಲೇ ಕೂರುತ್ತಿದ್ದ ಮಗಳ ಬೆನ್ನನ್ನು ನೋಡಿರಲೇ ಇಲ್ಲ.

ಬೆಳವಣಿಗೆ ನಿಲ್ಲುವವರೆಗೆ ಬ್ರೇಸ್ ತೊಡಬೇಕೆಂದರು ಡಾಕ್ಟರು. ಅವನೇ ಅಚ್ಚು ತೆಗೆದ. ಶೆಡ್ಡಿನ ಗೋಡೆಗೆ ಒರಗಿಸಿದ್ದ ಬಣ್ಣದ ಹಾಳೆಗಳನ್ನು ನೋಡುತ್ತ ಅವಳು ಕೇಳಿದಳು, "ಹಸಿರಲ್ಲಿ ಮಾಡ್ತೀಯಾ? ಸ್ವಲ್ಪ ತೆಳ್ಳಗೆ?"

"ತೆಳ್ಳಗಾದ್ರೆ ಹಿಡಿತ ಸಿಗಲ್ಲ. ಬಣ್ಣದ್ದು ಬೇಗ ಬಿರುಕು ಬಿಡುತ್ತೆ. ಬಟ್ಟೆ ಒಳಗೆ ಹಾಕೋದು ತಾನೇ, ಯಾರು ನೋಡ್ತಾರೆ?"

"ನಾನು ನೋಡ್ತೀನಲ್ಲಪ್ಪ."

ಅವನು ನಕ್ಕು ಕೆಲಸಕ್ಕಿಳಿದ. ದಪ್ಪನೆಯ ಬಿಳಿ ಹಾಳೆಯಲ್ಲಿ ಮಾಡಿದ ಆ ಬ್ರೇಸ್‌ಗಿಂತ ಸರಿಯಾಗಿ ಕೂತದ್ದು ಅವನ ಕೈಯಿಂದ ಬೇರೊಂದು ಬಂದಿರಲಿಲ್ಲ. ಅವಳು ತೊಟ್ಟುಕೊಂಡಳು.

ಮನೆಯಲ್ಲಿ ತೊಡುತ್ತಿದ್ದಳು. ಶಾಲೆಯಲ್ಲಿ ಶೌಚಾಲಯಕ್ಕೆ ಹೋಗಿ ಬಿಚ್ಚಿ, ಆಟದ ಸಾಮಾನಿನ ಕೋಣೆಯಲ್ಲಿ ಚೆಂಡುಗಳ ಹಿಂದೆ ಬಚ್ಚಿಡುತ್ತಿದ್ದಳು. ದಿನವಿಡೀ ತೊಟ್ಟ ಬ್ರೇಸ್ ಒಳಗೆ ಬೆವರಿಗೆ ಹಳದಿಯಾಗುತ್ತದೆ. ಮಗಳದು ಹೊಸದರಂತೆಯೇ ಇತ್ತು. ಅದನ್ನು ಬಿಗಿಯುವ ಪಟ್ಟಿ ಬದಲಿಸುವಾಗ ಅವನ ಕಣ್ಣಿಗೆ ಅದು ಬಿತ್ತು. ಹುಡುಗಿ ಚೊಕ್ಕಟ, ದಿನಾ ಒರೆಸಿಕೊಳ್ಳುತ್ತಾಳೆ ಎಂದು ತನಗೆ ತಾನೇ ಹೇಳಿಕೊಂಡ.

ಮುಂದಿನ ಎಕ್ಸ್‌ರೇಯಲ್ಲಿ ಮೂಳೆ ಇನ್ನಷ್ಟು ಬಾಗಿತ್ತು. ಇನ್ನು ಶಸ್ತ್ರಚಿಕಿತ್ಸೆಯೇ ದಾರಿ ಎಂದರು. ಅಪರೂಪಕ್ಕೆ ನರಕ್ಕೆ ಪೆಟ್ಟಾಗಬಹುದೆಂದೂ ಮೊದಲೇ ಹೇಳಿದ್ದರು. ಆ ಅಪರೂಪ ಇವರ ಮನೆಗೇ ಬಂತು. ಬೆನ್ನು ನೆಟ್ಟಗಾಯಿತು, ಎಡಗಾಲಿನ ಪಾದ ಎತ್ತಲಾಗದೆ ಜೋತುಬಿತ್ತು.

ವಾರ್ಡಿನಲ್ಲಿ ಅವಳೇ ಬಾಯಿಬಿಟ್ಟಳು. "ಸ್ಕೂಲಲ್ಲಿ ಬಿಚ್ಚಿಡ್ತಿದ್ದೆ ಅಪ್ಪ. ನನ್ನಿಂದಾನೇ ಆಯ್ತಲ್ವಾ?"

"ಇಲ್ಲ ಮರಿ. ದಿನಾ ಹಾಕ್ಕೊಂಡಿದ್ರೂ ಕೆಲವರಿಗೆ ಬಾಗುತ್ತೆ." ಅದು ನಿಜವೇ. ಆದರೆ ತನಗೂ ಗೊತ್ತಿತ್ತು ಎಂಬುದನ್ನು ಹೇಳಲಿಲ್ಲ. ನೀರು ತರುತ್ತೇನೆಂದು ಎದ್ದು ಹೋಗಿ, ಮೆಟ್ಟಿಲ ಮೇಲೆ ಕೂತು ಅತ್ತ. ಎದುರಿಗೆ ಬಂದ ನರ್ಸ್ ಪಕ್ಕಕ್ಕೆ ಸರಿದು ಹೋದಳು.

ಪಾದ ಹಿಡಿದು ನಿಲ್ಲಿಸಲು ಅವಳಿಗೊಂದು ಆಸರೆ ಬೇಕಿತ್ತು. ಶೆಡ್ಡಿನಲ್ಲಿದ್ದ ಬಣ್ಣದ ಹಾಳೆಯ ತುಂಡುಗಳನ್ನೆಲ್ಲ ತಂದು ಹಾಸಿಗೆಯ ಮೇಲೆ ಹರವಿದ. "ಯಾವುದು ಬೇಕೋ ಆರಿಸ್ಕೋ ಮರಿ. ತೆಳ್ಳಗೆ ಮಾಡ್ತೀನಿ, ಅಂಚಿಗೆ ಹೂವು ಬೇಕಂದ್ರೆ ಹೂವು ಕೊರೀತೀನಿ."

"ಯಾವುದಾದ್ರೂ ಆಗುತ್ತಪ್ಪ. ಬೇಗ ಆಗೋದು ಮಾಡು."

ಅವನು ಹಸಿರನ್ನೇ ಮಾಡಿದ. ಬಿರುಕು ಬಿಡದ ಹಾಗೆ ನಿಧಾನವಾಗಿ ಕಾಯಿಸಿ, ಹೊಳಪು ಬರುವವರೆಗೆ ಉಜ್ಜಿದ. ಅವಳು ತೊಟ್ಟು, ನಾಲ್ಕು ಹೆಜ್ಜೆ ನಡೆದು, "ಚೆನ್ನಾಗಿದೆ" ಎಂದಳು. ಆಮೇಲೆ ಕೂತು, ಮೊಣಕಾಲಿನವರೆಗೆ ಬರುವ ದಪ್ಪ ಕಾಲುಚೀಲವನ್ನು ಅದರ ಮೇಲೆ ಎಳೆದುಕೊಂಡಳು.

ಆಟಕ್ಕೆ ಮತ್ತೆ ಕರೆದ. ಓದುವುದಿದೆ ಎಂದಳು. ಒಬ್ಬನೇ ಆಡಲು ಹೋದರೆ, ಇಬ್ಬರು ಸೇರಿ ಎತ್ತಬೇಕಾದ ಬಾಗಿಲ ಮುಂದೆ ಅವನ ಕಬ್ಬಿಣದ ಮನುಷ್ಯ ನಿಂತೇ ಇದ್ದ. ಟಿವಿ ಆರಿಸಿದ.

ಅವಳೀಗ ಕಾಲೇಜಿಗೆ ಹೋಗುತ್ತಾಳೆ. ಬಸ್ಸು ಹತ್ತುತ್ತಾಳೆ, ಗೆಳತಿಯರೊಂದಿಗೆ ನಗುತ್ತಾಳೆ. ಮನೆಯಲ್ಲಿ ಸಿಟ್ಟಿಲ್ಲ, ಸೆಡವಿಲ್ಲ. ಬೆಳಿಗ್ಗೆ ಅವಳು ಹೊರಡುವಾಗ ಅವನು ಬಾಗಿಲಿಗೆ ಬರುತ್ತಾನೆ.

"ಪಟ್ಟಿ ಬಿಗಿ ಆಯ್ತಾ?"

"ಇಲ್ಲ ಅಪ್ಪ, ಸರಿ ಇದೆ."

ಇಬ್ಬರ ನಡುವೆ ಈಗ ಉಳಿದಿರುವ ಮಾತು ಇಷ್ಟೇ. ನಾಳೆ ಬೇರೆ ಏನಾದರೂ ಕೇಳಬೇಕೆಂದು ಅವನು ದಿನಾ ಅಂದುಕೊಳ್ಳುತ್ತಾನೆ. ಬೆಳಗಾದರೆ ಅದೊಂದನ್ನು ಬಿಟ್ಟು ಬೇರೇನೂ ಬಾಯಿಗೆ ಬರುವುದಿಲ್ಲ.