ಗಾಯಾಳು ಎಂದರೆ ಹೆಣವಲ್ಲ

ಕೊಟ್ಟೂರಿನ ನಮ್ಮ ಓಣಿಗೆ ಹಿರಿಯಳು ನಾನು. ನನ್ನನ್ನು ಕೇಳದೆ ಇಲ್ಲಿ ಯಾರೂ ಮದುವೆಯ ದಿನ ಗೊತ್ತುಮಾಡುವುದಿಲ್ಲ. ಅಂಥ ನನ್ನ ಮರ್ಯಾದೆ ಇವತ್ತು ಬೆಳಿಗ್ಗೆ ಸ್ಟ್ರೆಚರ್ ಮೇಲೆ ಮಲಗಿತ್ತು, ಗೆಳತಿಯರೇ.

ಬೆಂಕಿ ಬಿದ್ದರೆ ಏನು ಮಾಡಬೇಕೆಂದು ಕಲಿಸುವ ಅಣಕು ಕಾರ್ಯಾಚರಣೆ ನಮ್ಮಲ್ಲಿತ್ತು. “ನಮ್ಮ ಓಣಿಯವರು ಭಾಳ ಶಿಸ್ತಿನವರು ಅದಾರ್ರಿ” ಎಂದು ಅಗ್ನಿಶಾಮಕ ಅಧಿಕಾರಿಗೆ ಮಾತು ಕೊಟ್ಟಿದ್ದೆ. ನನ್ನ ಮೈದುನ ಕೊಟ್ರೇಶನನ್ನೇ ಗಾಯಾಳು ಮಾಡಿ, ಹಣೆಗೆ ಕುಂಕುಮದ ನೀರು ಬಳಿದೆವು. ಸ್ಟ್ರೆಚರ್ ಹೊರಬಂದದ್ದೇ ತಡ, ಎದುರುಮನೆಯ ಕಲ್ಲಮ್ಮ ಎದೆ ಬಡಿದುಕೊಂಡು ಹಾಡಿ ಅಳತೊಡಗಿದಳು.

“ಉಣ್ಣದ ಹೋದೆಲ್ಲೋ ನನ್ನಪ್ಪಾ!”

ಕೊಟ್ರೇಶ ಒಂದು ಕಣ್ಣು ತೆರೆದ. “ಯಕ್ಕಾ, ಈಗ ನಾಕು ಮಿರ್ಚಿ ತಿಂದು ಬಂದೀನಿ. ಬರೇ ತಲಿ ಒಡದೈತಿ, ಸತ್ತಿಲ್ಲ!”

“ಸುಮ್ನ ಮಲಕ್ಕೋ, ಅಳಾಕ ಬಿಡು!” ಎಂದಳು ಕಲ್ಲಮ್ಮ.

ಅವಳ ದನಿಗೆ ಪಕ್ಕದ ಓಣಿಯ ಹೆಂಗಸರೂ ಓಡಿಬಂದು ಸುತ್ತುವರಿದು ಅತ್ತರು. ಆಂಬುಲೆನ್ಸ್ ಆ ಗುಂಪಿನ ಹಿಂದೆ ಸಿಕ್ಕಿಕೊಂಡು ಹಾರ್ನ್ ಹೊಡೆಯುತ್ತಲೇ ಇತ್ತು. ಸ್ಟ್ರೆಚರ್ ಹಿಡಿದವರು ನಗು ತಡೆಯಲಾಗದೆ ಕೊಟ್ರೇಶನನ್ನು ಕೆಳಗೆ ಬಿಟ್ಟರು. ಈಗ ಅವನ ಸೊಂಟ ನಿಜವಾಗಿಯೇ ನೋಯುತ್ತಿದೆ.

“ಖರೇನ ಬೆಂಕಿ ಬಿದ್ದಿದ್ರ ಇವ್ರು ಉಳೀತಿದ್ರೇನ್ರಿ, ಅಮ್ಮಾರ?” ಎಂದರು ಅಧಿಕಾರಿ.

ನಾನು ಅವರ ಕೊರಳ ಸೀಟಿಯನ್ನೇ ಇಸಿದುಕೊಂಡು ಕಲ್ಲಮ್ಮನ ಕೊರಳಿಗೆ ಹಾಕಿದೆ.

“ಸತ್ತ ಮ್ಯಾಲ ಅಳುವಂತಿ. ಮೊದಲು ದಾರಿ ಬಿಡಸು!”

ಅವಳು ಊದಿದಳು, “ಸರೀರಿ, ಗಾಳಿ ಬರ್ಲಿ!” ಎಂದು ಗದರಿದಳು. ಜನ ಗೋಡೆಗೆ ಅಂಟಿಕೊಂಡರು, ಆಂಬುಲೆನ್ಸ್ ಒಳಗೆ ಬಂತು. ಓಣಿಯ ಕಾವಲು ಇವತ್ತಿನಿಂದ ಅವಳದೇ ಎಂದು ಅಲ್ಲೇ ಸಾರಿದೆ. ಸಂಜೆಯಾದರೂ ಸೀಟಿ ನಿಂತಿಲ್ಲ.